ಶರಣಪ್ಪನವರಿಗೆ ಕೇಳಿಸಿದ ಎಂಜಿನ್ ಸದ್ದು

ಗೆಳೆಯರೇ, ಒಂದು ಟಕ್ ಟಕ್ ಸದ್ದಿಗೆ ನನ್ನ ಹಳೇ ಕಾರಿನ ಮಾರಾಟ ಇವತ್ತು ತಪ್ಪಿಹೋಗುತ್ತಿತ್ತು. ಕೊಳ್ಳಲು ಮಾನ್ವಿಗೆ ಬಂದವರು ಪೋತ್ನಾಳದ ಅಕ್ಕಿ ಗಿರಣಿಯ ಶರಣಪ್ಪ. ಎಂಜಿನ್ ಚಾಲೂ ಮಾಡಿಸಿ, ಬಾನೆಟ್ ಎತ್ತಿ, ಬಗ್ಗಿ ಕಿವಿಗೊಟ್ಟರು.

“ಟಕ್ ಟಕ್ ಅನ್ನಾಕತ್ತದ. ಬೇರಿಂಗ್ ಹೋಗ್ಯದ. ನನಗ ಬ್ಯಾಡ್ರಿ ಈ ಗಾಡಿ!”

ದಿನಾ ಓಡಿಸುವ ಗಾಡಿ, ನಾನು ಹೆದರಲಿಲ್ಲ. “ಸಾವಕಾರ್ರ, ಒಂದೀಟು ನೆಟ್ಟಗ ನಿಂದರ್ರಿ” ಎಂದೆ.

ಅವರು ನೆಟ್ಟಗಾದರು, ಸದ್ದಿಲ್ಲ. ಬಗ್ಗಿದರು, ಮತ್ತೆ ಟಕ್ ಟಕ್. ಇಷ್ಟಲಿಂಗವಿದ್ದ ಅವರ ಕೊರಳಿನ ಬೆಳ್ಳಿ ಕರಡಿಗೆ ಅಂಗಿಯಿಂದ ಹೊರಬಿದ್ದು, ನಡುಗುವ ರೇಡಿಯೇಟರಿಗೆ ಬಡಿಯುತ್ತಿತ್ತು.

ಶರಣಪ್ಪ ಅದನ್ನು ಕಣ್ಣಿಗೊತ್ತಿಕೊಂಡು ನಕ್ಕರು. “ಖುದ್ದ ಶಿವಾ ಬಾಗಲಾ ಬಡದ ಮ್ಯಾಲ ಬ್ಯಾಡ ಅನ್ನಾಕ ಆಗ್ತದೇನ್ರಿ? ಕೀಲಿ ತರ್ರಿ!”

ಹಾರ್ನ್ ಕೆಟ್ಟಿರುವುದನ್ನು ಶಿವ ಅವರಿಗೆ ಹೇಳಲಿಲ್ಲ. ನಡುವೆ ನಾನೇಕೆ ಬಾಯಿ ಹಾಕಲಿ?