ಬರಿಗಾಲಿನ ನಾಯಕ

ವರ್ತೂರಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ನೀರಿನ ಫಿಲ್ಟರಿನ ಮೇಲ್ಗಡೆ, ಒಂದು ಫೋಟೋ ತೂಗುಹಾಕಿದೆ. ಬಾಟಲಿ ತುಂಬಿಸುವಾಗ ನಾನು ನಲ್ಲಿಯನ್ನೇ ನೋಡುತ್ತೇನೆ, ತಲೆ ಎತ್ತುವುದಿಲ್ಲ. ಏಕೆಂದರೆ, ಮಿತ್ರರೇ, ಅದನ್ನು ತೆಗೆಸಿದವನು ನಾನೇ.

ಅದರಲ್ಲಿರುವವರು ಚೌರಪ್ಪನವರು, ಐವತ್ತರ ದಶಕದಲ್ಲಿ ದೇಶದ ಫುಟ್‌ಬಾಲ್ ತಂಡದ ನಾಯಕರು. ಆಟವೇ ಅನ್ನವಾಗದ ಕಾಲ ಅದು. ಹಗಲೆಲ್ಲ ಕಾರ್ಖಾನೆಯ ಲೇಥಿನ ಮುಂದೆ ನಿಂತು, ಸಂಜೆ ಮೈದಾನಕ್ಕೆ ಓಡಿ, ಪರದೇಶದ ಕೆಸರಿನಲ್ಲಿ ಬೂಟು ತೊಟ್ಟವರೆದುರು ಬರಿಗಾಲಲ್ಲಿ ಆಡಿ, ಊರಿಗೆ ಮರಳಿದ ಮರುದಿನವೇ ಮತ್ತೆ ಅದೇ ಲೇಥಿಗೆ ಹಾಜರಾದವರು. ನಾನು ಕಂಡಾಗ ತೊಂಬತ್ತರ ಹತ್ತಿರವಾಗಿ, ಮಾದನಾಯಕನಹಳ್ಳಿಯಲ್ಲಿ ಮಗಳು ಮೇರಿಯ ಮನೆಯಲ್ಲಿದ್ದರು.

ನಾನಾಗ ನಿವಾಸಿಗಳ ಸಂಘದ ಕಾರ್ಯದರ್ಶಿ. ಮಕ್ಕಳಿಗೆಂದು ಪ್ಲಾಸ್ಟಿಕ್ ಹುಲ್ಲು ಹಾಸಿದ ಅಂಗಳದ ಉದ್ಘಾಟನೆಗೆ ಅವರನ್ನು ಕರೆತಂದೆ. ಅವರು ಕರಿ ಬೂಟಿಗೆ ತಾವೇ ಪಾಲಿಶ್ ಮಾಡಿ ಹಾಕಿಕೊಂಡು ಬಂದಿದ್ದರು. ನನಗಾದರೋ ಬರಿಗಾಲಿನ ವೀರನೇ ಬೇಕಿತ್ತು. ಭಾಷಣಗಳು ಮುಗಿದು ಬಿಸಿಲು ನೆತ್ತಿಗೇರಿದಾಗ, ಬೂಟು ಬಿಚ್ಚಿ ಚೆಂಡಿನ ಮೇಲೊಂದು ಪಾದವಿಟ್ಟು ನಿಲ್ಲುವಂತೆ ಕೇಳಿಕೊಂಡೆ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕುರ್ಚಿಯಲ್ಲಿ ಕೂತು ಲೇಸು ಬಿಚ್ಚಿದರು. ನನ್ನ ಹೆಗಲು ಹಿಡಿದು, ಬಲಗಾಲನ್ನು ಚೆಂಡಿನ ಮೇಲಿಟ್ಟು ನಿಂತರು. ಫೋಟೋದವನು ಅತ್ತಿತ್ತ ಸರಿಸಿ ನಿಲ್ಲಿಸುತ್ತಿದ್ದಂತೆ ಅವರ ಹಿಡಿತ ಬಿಗಿಯಾಗುತ್ತ ಹೋಯಿತು, ನಾನದನ್ನು ವಾತ್ಸಲ್ಯವೆಂದುಕೊಂಡೆ. ಪದಾಧಿಕಾರಿ ಎನಿಸಿಕೊಂಡವನಿಗೆ ಪದತಲವೇ ಕಾಣಲಿಲ್ಲ.

ಮರುದಿನ ಮೇರಿ ಫೋನ್ ಮಾಡಿದರು: ಕಾದ ಪ್ಲಾಸ್ಟಿಕ್ಕಿಗೆ ಎಡ ಅಂಗಾಲು ಪೂರ್ತಿ ಬೊಬ್ಬೆಯೆದ್ದಿದೆಯಂತೆ. ಹಣ್ಣು ಹಿಡಿದುಕೊಂಡು ಓಡಿದೆ. ಮುಲಾಮು ಹಚ್ಚಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು. ಬಲಗಾಲಿನ ಎರಡು ಬೆರಳು ಎಂದೋ ಮುರಿದು ಒಂದರ ಮೇಲೊಂದು ಕೂತಿದ್ದವು. ಅಲ್ಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಮಕ್ಳೆಲ್ಲ ನೋಡ್ತಿದ್ರಲ್ಲ ಸಾರ್, ಹೆಂಗೆ ಹೇಳ್ಲಿ?" ಎಂದರು. ದಿಂಬಿನ ಮೇಲಿನ ಕಾಲನ್ನು ಸರಿಪಡಿಸಿಕೊಳ್ಳುತ್ತ, "ಆವಾಗ್ಲೂ ಇಷ್ಟೇ. ಬರಿಗಾಲಲ್ಲಿ ಆಡ್ತಾರೆ, ಎಂಥ ಧೈರ್ಯ ಅಂತ ಪೇಪರ್‌ನೋರು ಬರೆದ್ರು. ನಮಗೆ ಬೂಟು ಬೇಕಿತ್ತು."

ಕ್ಷಮೆ ಕೇಳಲು ಬಾಯಿ ತೆರೆದೆ. ನನ್ನ ಮುಜುಗರ ಕಂಡು ಅವರೇ ಮಗಳಿಗೆ ಕಾಫಿ ತರಲು ಹೇಳಿದರು. ಕಾಫಿ ಕುಡಿದು ಎದ್ದು ಬಂದೆ.

ಮುಂದಿನ ವರ್ಷ ಅವರು ತೀರಿಕೊಂಡರು. ಸಂಘದ ಪರವಾಗಿ ಶ್ರದ್ಧಾಂಜಲಿ ಬರೆಯುವ ಕೆಲಸ ನನಗೇ ಬಂತು. 'ಬರಿಗಾಲು' ಎಂಬ ಮಾತೇ ಸುಳಿಯದಂತೆ ಎಚ್ಚರದಿಂದ ಬರೆದೆ. ಓದಿದ ಅಧ್ಯಕ್ಷರು, ಮುಖ್ಯವಾದದ್ದೇ ಬಿಟ್ಟುಹೋಗಿದೆ ಎನ್ನುತ್ತ ಮೊದಲ ಸಾಲಿನಲ್ಲೇ ಅದನ್ನು ಸೇರಿಸಿದರು. ನಾನು ಬೇಡವೆನ್ನಲಿಲ್ಲ.