ಚಪ್ಪಲಿ ಬಿಟ್ಟು ಕೇಳಿದ ಮಾತು

ಅಪ್ಪನ ಕೊಲ್ಹಾಪುರಿ ಚಪ್ಪಲಿ ನಡೆದರೆ ಕರಕರ ಸದ್ದಾಗುತ್ತಿತ್ತು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಆ ಸದ್ದು ಕೇಳಿದರೆ ಸಾಕು, ಪೇಪರ್ ಮಾಸ್ತರು ಬಂದರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಕಲಬುರಗಿಯ ಒಂದು ದಿನಪತ್ರಿಕೆಗೆ ಊರಿನ ಸುದ್ದಿ ಬರೆದು ಕಳಿಸುತ್ತಿದ್ದರು.

ಸುದ್ದಿ ಹೋಗುತ್ತಿದ್ದದ್ದು ಸಂಜೆಯ ಬಸ್ಸಿನಲ್ಲಿ. ಲಕೋಟೆಯ ಬಾಯಿಗೆ ಅನ್ನದ ಅಗುಳು ತಿಕ್ಕಿ ಅಂಟಿಸುವುದು ನನ್ನ ಕೆಲಸ. ಕಾನ್ವೆಂಟಿನ ಯೂನಿಫಾರಂ ಕೂಡ ಬದಲಿಸದೆ ಅಪ್ಪನ ಬೆರಳು ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಕಂಡಕ್ಟರ್ ಲಕೋಟೆಯನ್ನು ಚೀಲದ ಹಿಂದಿನ ಖಾನೆಯಲ್ಲಿ ತುರುಕಿಕೊಳ್ಳುತ್ತ, ಇವತ್ತು ಏನು ಸುದ್ದಿ ಎಂದು ಕೇಳುತ್ತಿದ್ದ. ನಾಳೆ ಓದ್ರಿ ಎನ್ನುವುದು ಅಪ್ಪನ ಎಂದಿನ ಉತ್ತರ. ಹಾಗೆ ನೋಡಿದರೆ ಅಂಥ ಸುದ್ದಿಯೇನೂ ಇರುತ್ತಿರಲಿಲ್ಲ. ನಾರಾಯಣಪುರದ ಗುಡಿಯ ದಾರಿಗೆ ದೀಪವಿಲ್ಲ, ಮೋರಖಂಡಿಯ ಬಸ್ಸು ಮತ್ತೆ ಕೆಟ್ಟು ನಿಂತಿದೆ, ಅಷ್ಟೇ. ಬರುವಾಗ ಮಿರ್ಚಿ ಭಜಿ ಕಟ್ಟಿಸುತ್ತಿದ್ದರು. ಒಮ್ಮೊಮ್ಮೆ ಆ ಪೊಟ್ಟಣದ ಕಾಗದದಲ್ಲಿ ಅಪ್ಪ ಬರೆದದ್ದೇ ಸಿಗುತ್ತಿತ್ತು. ಎಣ್ಣೆ ಕುಡಿದ ಕಾಗದದಲ್ಲಿ ಆಚೆ ಪುಟದ ಅಕ್ಷರಗಳೂ ಈಚೆ ಕಾಣುತ್ತಿದ್ದವು.

ಅಪ್ಪನದೊಂದು ಪದ್ಧತಿಯಿತ್ತು. ಸುದ್ದಿ ಕೇಳಲು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುತ್ತಿರಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೇಳಿ, ಅಲ್ಲಿಯೇ ಬರೆದುಕೊಂಡು ಬರುತ್ತಿದ್ದರು. ಮನೆಯವರು ಒಳಗೆ ಬರ್ರಿ, ಚಹಾ ಕುಡೀರಿ ಎಂದು ಎಷ್ಟು ಹೇಳಿದರೂ ಕದಲುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರ್ ನಮಗೆ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳುವುದನ್ನು ಕಲಿಸಿದ್ದರು. ಅಪ್ಪ ನೋಡಿದರೆ ಕರೆದರೂ ಒಳಗೆ ಹೋಗದವರು. ಯಾಕೆಂದು ಕೇಳಿದೆ.

‘ಚಪ್ಪಲಿ ಬಿಟ್ಟು ಒಳಗ ಹೋದ್ರ ನಾ ಮನಿ ಮಂದಿ ಆಗ್ತೀನವ್ವಿ. ಮನಿ ಮಂದಿ ಮುಂದ ಆಡಿದ ಮಾತು ಪೇಪರಿಗೆ ಹಾಕಾಕ ಬರಂಗಿಲ್ಲ.’

ಓಣಿಗೂ ಇದು ಗೊತ್ತಿತ್ತು. ಮಾಸ್ತರು ಚಪ್ಪಲಿ ಹಾಕಿಕೊಂಡೇ ನಿಂತಿದ್ದಾರೆ, ನೆಟ್ಟಗೆ ಮಾತಾಡ್ರಿ ಎಂದು ಗಂಡಸರು ಒಬ್ಬರನ್ನೊಬ್ಬರು ಚಾಷ್ಟಿ ಮಾಡುತ್ತಿದ್ದರು.

ಒಂದು ಸಲ ನಮ್ಮ ಓಣಿಯ ಕಿರಾಣಿ ಅಂಗಡಿಯವರ ಮಗಳ ಮದುವೆ ಅರಿಶಿಣ ಹಚ್ಚುವ ದಿನವೇ ಮುರಿದುಬಿತ್ತು. ಊರೆಲ್ಲ ಅದೇ ಮಾತು. ಅಪ್ಪ ಅವರ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಹೊಸ್ತಿಲಲ್ಲಿ ಅಪ್ಪ ಸ್ವಲ್ಪ ಹೊತ್ತು ನಿಂತರು, ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟರು. ಆ ಹುಡುಗಿಯ ತಾಯಿ ಅತ್ತು ಎಲ್ಲ ಹೇಳಿದಳು. ಹುಡುಗಿಯ ಕಿವಿಯ ಹಿಂದೆ ಅರಿಶಿಣ ಇನ್ನೂ ಹಾಗೆಯೇ ಉಳಿದಿತ್ತು. ಅಂದಿನ ಲಕೋಟೆಯಲ್ಲಿ ಹೋದದ್ದು ನಲ್ಲಿ ನೀರಿನ ಸುದ್ದಿ. ಮರುದಿನ ಬೇರೆ ಪೇಪರಿನಲ್ಲಿ ಹುಡುಗಿಯ ಫೋಟೋ ಸಮೇತ ಮದುವೆ ಮುರಿದ ಸುದ್ದಿ ಬಂತು, ಅದೂ ಅರ್ಧ ಸುಳ್ಳು. ನಮ್ಮ ಪೇಪರಿನವರು ಫೋನಿನಲ್ಲಿ ಅಪ್ಪನಿಗೆ ಚೆನ್ನಾಗಿ ಬೈದರು. ಅಪ್ಪ ಹೌದ್ರಿ, ಹೌದ್ರಿ ಎನ್ನುತ್ತ ಕೇಳಿಸಿಕೊಂಡು, ಕೊನೆಗೆ ‘ನಾ ಚಪ್ಪಲಿ ಬಿಟ್ಟಿದ್ದೆರಿ’ ಎಂದರು. ಆ ಕಡೆಯವರಿಗೆ ಏನು ತಿಳಿಯಿತೋ. ಆ ಹುಡುಗಿ ಮಾತ್ರ ಬಹಳ ದಿನ ಮೊದಲಿನಂತೆ ಅಂಗಡಿಯಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂರಲಿಲ್ಲ.

ಈಗ ಅಪ್ಪನಿಲ್ಲ. ನಾನು ಮದುವೆಯಾಗಿ ಹುಮನಾಬಾದಿಗೆ ಬಂದು ನನ್ನ ಕೂದಲೂ ಬೆಳ್ಳಗಾಗುತ್ತಿದೆ. ನಮ್ಮ ಪಕ್ಕದ ಮನೆಯ ಆಪಾ ನನಗಿಂತ ತುಸು ದೊಡ್ಡವರು; ನನಗೆ ಅವರು ಆಪಾ, ಅಂದರೆ ಅಕ್ಕ, ಅವರಿಗೆ ನಾನು ಭಾಭಿ. ನಮ್ಮಿಬ್ಬರ ಅಡುಗೆಮನೆಯ ಕಿಟಕಿಗಳು ಎದುರುಬದುರು. ಅವರ ಯಜಮಾನರು ಹೆದ್ದಾರಿಯಾಚೆ ಒಂದು ರಾಸಾಯನಿಕ ಕಾರ್ಖಾನೆಯಲ್ಲಿದ್ದರು. ಹೋದ ಚಳಿಗಾಲದಲ್ಲಿ ಅಲ್ಲಿ ಉಗಿಯ ಪೈಪು ಒಡೆದು ತೀರಿಕೊಂಡರು.

ಮಣ್ಣಾದ ಮರುದಿನ ಮಧ್ಯಾಹ್ನ ರೊಟ್ಟಿಯ ಬುಟ್ಟಿ, ಚಹಾದ ಥರ್ಮಾಸ್ ಹಿಡಿದು ಹೋದೆ. ಆ ಮನೆಯಲ್ಲಿ ಇನ್ನೂ ಒಲೆ ಹಚ್ಚಿರಲಿಲ್ಲ. ಗಂಡಸರು ಅಂಗಳದಲ್ಲಿ, ಹೆಂಗಸರು ಒಳಗೆ ಜಮಖಾನದ ಮೇಲೆ. ನಮ್ಮ ಕಡೆ ಸಾವಿನ ಮನೆಗೆ ಬಂದವರನ್ನು ನೀವು ಯಾರು ಎಂದು ಕೇಳುವುದಿಲ್ಲ. ಬಂದವರು ಕೂರುತ್ತಾರೆ, ಅಳುತ್ತಾರೆ, ಕೊಟ್ಟ ನೀರು ಕುಡಿಯುತ್ತಾರೆ. ಬಾಗಿಲ ಬಳಿ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಓಢಣಿ ಹೊದ್ದು ಕುಳಿತಿದ್ದಳು. ಓಢಣಿ ಹೊದ್ದು ರೂಢಿಯಿಲ್ಲ, ಜಾರಿ ಜಾರಿ ಬೀಳುತ್ತಿತ್ತು. ಕಾರ್ಖಾನೆಯ ಆಫೀಸಿನವಳಿರಬೇಕೆಂದು ನಾನು ಅಂದುಕೊಂಡೆ. ಆ ಮನೆಯವರು ಅವಳು ನನ್ನ ಕಡೆಯವಳೆಂದು ತಿಳಿದಿದ್ದರಂತೆ.

ಆಪಾ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು. ‘ಅವತ್ತ ಮುಂಜಾನಿ ಜಗಳ ಮಾಡ್ದೆ ಭಾಭಿ. ಊಟದ ಡಬ್ಬಿ ಇಲ್ಲೇ ಬಿಟ್ಟು ಹೋದ್ರು. ಉಪಾಸ ಕಳಿಸ್ದೆ ನಾ.’

ಆಗ ಆ ಹೆಣ್ಣುಮಗಳ ಮಡಿಲಿನ ಮೊಬೈಲ್ ಕಣ್ಣಿಗೆ ಬಿತ್ತು. ಮೇಲೆ ಕೆಂಪು ಚುಕ್ಕೆ, ಕೆಳಗೆ ಓಡುತ್ತಿರುವ ಅಂಕಿ. ನನ್ನ ಮಗಳು ಪಾಠ ರೆಕಾರ್ಡ್ ಮಾಡುವಾಗ ಇದೇ ನೋಡಿದ್ದೆ.

ಚಹಾ ಹಂಚಲು ಕೈ ಜೋಡಿಸು ಬಾ ಎಂದು ಅವಳನ್ನು ಪಡಸಾಲೆಗೆ ಕರೆದುಕೊಂಡು ಹೋದೆ. ಯಾರ ಪೈಕಿ ಎಂದು ಕೇಳಿದರೆ ಪೇಪರಿನವಳೆಂದು ಹೇಳಿದಳು. ಮೂವತ್ತರ ಆಸುಪಾಸಿನವಳು, ಕಣ್ಣ ಕೆಳಗೆ ದಣಿವು.

‘ಆಕಿ ಈಗ ಹೇಳಿದ್ದು ಹಾಕ್ತಿಯೇನು?’

‘ಅದ ಅಲ್ಲೇನ್ರಿ ಅಕ್ಕಾ ಸ್ಟೋರಿ? ಬರೇ ಸತ್ತಾರ ಅಂದ್ರ ಯಾರೂ ಓದಂಗಿಲ್ಲ. ಡಬ್ಬಿ ಬಿಟ್ಟು ಹೋಗಿದ್ರು ಅಂದ್ರ ಓದ್ತಾರ.’

‘ಓದಿ ಏನಂತಾರ? ಹೆಂಡ್ತಿ ಜಗಳಕ್ಕ ತಲಿ ಕೆಟ್ಟು ಸತ್ತ ಅಂತಾರ. ಪೈಪು ಒಡದದ್ದು ಯಾರಿಗೂ ನೆನಪಿರಂಗಿಲ್ಲ. ಆಕಿ ಮಾತ್ರ ಸಾಯೂತನಾ ಅದನ್ನ ಕೇಳಕೋತ ಇರಬೇಕು.’

‘ನಾ ಸುಳ್ಳ ಹೇಳಿ ಬಂದಿಲ್ರಿ. ಯಾರೂ ಕೇಳಲೇ ಇಲ್ಲ.’

ನಿಜ, ಯಾರೂ ಕೇಳಿರಲಿಲ್ಲ. ಅದಕ್ಕೇ ಅಪ್ಪನ ಚಪ್ಪಲಿಯ ವಿಷಯ ಹೇಳಿದೆ. ಅವಳು ತುಸು ನಕ್ಕಳು. ಈಗ ಸುದ್ದಿ ಬಸ್ಸಿಗೆ ಕಾಯುವುದಿಲ್ಲ, ಅವಳು ಬಿಟ್ಟರೆ ಇನ್ನೊಬ್ಬರು ಹಾಕುತ್ತಾರೆ ಎಂದಳು. ಅದೂ ನಿಜವಿರಬಹುದು. ಚಹಾದ ಲೋಟ ಅವಳ ಕೈಗಿಟ್ಟೆ. ನಿಂತೇ ಕುಡಿದಳು.

ಹೊರಗೆ ಚಪ್ಪಲಿಗಳ ರಾಶಿಯಲ್ಲಿ ಅವಳ ಲೇಸಿನ ಶೂ ಇದ್ದವು. ಮೆಟ್ಟಿಲ ಮೇಲೆ ಕುಳಿತು ಲೇಸು ಕಟ್ಟಿಕೊಂಡಳು. ಒಂದನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಆಮೇಲೆ ಎದ್ದು ಹೊಸ್ತಿಲ ಹೊರಗೆ ನಿಂತು, ಪೇಪರಿನಿಂದ ಬಂದೀನ್ರಿ ಎಂದು ಆಪಾರ ತಮ್ಮನನ್ನು ಕರೆದಳು. ವಯಸ್ಸೆಷ್ಟು, ಎಷ್ಟು ವರ್ಷದ ನೌಕರಿ, ಪೈಪು ಮೊದಲೂ ಸೋರುತ್ತಿತ್ತೇ ಎಂದು ಕೇಳಿದಳು. ಅವನು ನಿಂತುಕೊಂಡೇ ಹೇಳಿದ. ಒಳಗಿನ ಮಾತು ಏನು ಮಾಡಿದಳೋ ನನಗೆ ತಿಳಿಯಲಿಲ್ಲ.

ಮರುದಿನ ಪೇಪರ್ ಬೀಳುವ ಸದ್ದಿಗೆ ಎದ್ದು, ನಿಂತಲ್ಲೇ ಬಿಡಿಸಿ ನೋಡಿದೆ. ಸುದ್ದಿ ಚಿಕ್ಕದು. ಪೈಪು ಹಳೆಯದಿತ್ತೆಂದು ಮನೆಯವರು ಹೇಳುತ್ತಾರೆ ಎಂದಿತ್ತು. ಜಗಳವಿರಲಿಲ್ಲ, ಡಬ್ಬಿಯಿರಲಿಲ್ಲ. ಅತ್ತ ಮುಖದ ಫೋಟೋವೂ ಇರಲಿಲ್ಲ. ಬಾಗಿಲ ಮುಂದಿನ ಚಪ್ಪಲಿಗಳ ಫೋಟೋ ಹಾಕಿದ್ದಳು. ಹೆಬ್ಬೆರಳ ಉಂಗುಷ್ಠ ಕಿತ್ತು ನೀಲಿ ದಾರದಿಂದ ಹೊಲಿದ ನನ್ನ ಚಪ್ಪಲಿಯೂ ಅದರಲ್ಲಿತ್ತು.

ಆಪಾಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಹೋಗಿ ಓದಿ ಹೇಳಿದೆ. ಇಷ್ಟೇ ಏನು ಎಂದು ಕೇಳಿದರು. ಇಷ್ಟೇ ಎಂದೆ. ಅವರು ಉಸಿರು ಬಿಟ್ಟು, ಪೇಪರನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋದಲ್ಲಿ ಗೋಡೆಯ ಕಡೆ ಒತ್ತಿಟ್ಟಿದ್ದ ಒಂದು ಜೊತೆ ರಬ್ಬರ್ ಚಪ್ಪಲಿಯ ಮೇಲೆ ಬೆರಳಿಟ್ಟರು.

‘ಇವು ಅವರವು ಭಾಭಿ. ಮನಿಯಾಗ ಹಾಕ್ಕೋತಿದ್ರು.’

ಯಾರೂ ಅವನ್ನು ತೆಗೆದಿಟ್ಟಿರಲಿಲ್ಲ. ಆಪಾ ಪೇಪರನ್ನು ಆ ಫೋಟೋ ಮುದುರದ ಹಾಗೆ ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು.