ಒಂದಕ್ಷರವೂ ತಪ್ಪದ ಉತ್ತರಗಳು

ಆದೋನಿಯ ನಮ್ಮ ಬಿ.ಇಡಿ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಮಾಸ್ತರರನ್ನು ವಾದದಲ್ಲಿ ಗೆದ್ದವರಿಲ್ಲ, ಏಕೆಂದರೆ ಅವರು ವಾದಿಸುತ್ತಲೇ ಇರಲಿಲ್ಲ. ಏನೇ ಆಕ್ಷೇಪ ಎತ್ತಿದರೂ ಕನ್ನಡಕವನ್ನು ಹಣೆಗೇರಿಸಿ, “ಅದೂ ಖರೇನ ಐತಿ,” ಎಂದು ಬರೆದುಕೊಳ್ಳುವರು. ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದಿದ್ದ ನನಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಪಿಎಚ್.ಡಿ.ಗಾಗಿ ಅವರು ವಿದ್ಯಾರ್ಥಿಗಳ ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿ ಮಾಡಿದ್ದರು. ‘ನಿಮಗೆ ಬೇಗ ಸಿಟ್ಟು ಬರುತ್ತದೆಯೇ?’ ಎಂಬಂಥ ಅರವತ್ತು ಪ್ರಶ್ನೆಗಳು. ತಿಂಗಳು ಬಿಟ್ಟು ಮತ್ತೆ ಕೇಳಿದಾಗಲೂ ಉತ್ತರಗಳು ಹೆಚ್ಚುಕಡಿಮೆ ಹೊಂದಿದರೆ ಪ್ರಶ್ನಾವಳಿಯನ್ನು ನಂಬಬಹುದು. ನಮಗಿಂತ ಕಿರಿಯರ ತರಗತಿಯನ್ನು ಸಾಲಾಗಿ ಕೂರಿಸಿ ಎರಡು ಸಲ ಬರೆಸಿದರು. ತಾಳೆ ನೋಡುವ ಕೆಲಸ ನನ್ನದು. ಪ್ರತಿಯೊಬ್ಬರ ಎರಡೂ ಸಲದ ಉತ್ತರಗಳು ಒಂದಕ್ಷರವೂ ತಪ್ಪದೆ ಹೊಂದಿದ್ದವು! ಮರುವಾರವೇ ಪ್ರಬಂಧ ಒಪ್ಪಿಸಬೇಕಿದ್ದ ಮಾಸ್ತರರು ಖುಷಿಯಿಂದ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

“ಸರ್, ತಿಂಗಳಾದ್ರೂ ಒಬ್ರೂ ಚೂರೂ ಬದಲಾಗಿಲ್ಲಂದ್ರ ಇವ್ರೇನು ಮನುಷ್ಯರೋ, ಮೈಲಿಗಲ್ಲೋ?” ಎಂದೆ.

“ಅದೂ ಖರೇನ ಐತಿ,” ಎಂದವರು ತರಗತಿಯನ್ನೇ ಕೇಳಿದರು.

ಹಾಲಹರವಿಯ ಹುಡುಗಿಯೊಬ್ಬಳು ಎದ್ದಳು. “ಒಮ್ಮಿ ಬಂದ ಪ್ರಶ್ನೆ ಮತ್ತ ಬರತಾವಲ್ರೀ ಸರ್? ಅದಕ್ಕ ನಮ್ಮ ನಮ್ಮ ಉತ್ತರ ಬರ್ಕೊಂಡು ಬಾಯಿಪಾಠ ಮಾಡೀವ್ರಿ.”

ಅಷ್ಟು ದಿನ ಅಳೆದದ್ದು ಸ್ವಭಾವವನ್ನಲ್ಲ, ನೆನಪಿನ ಶಕ್ತಿಯನ್ನು. ಇದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಮಾಸ್ತರರು ನಮ್ಮೆದುರಿಗೇ ತಮ್ಮ ಮಾರ್ಗದರ್ಶಕರಿಗೆ ಫೋನು ಹಚ್ಚಿದರು.

“ಹುಡುಗ್ರು ಭಾಳ ಚಲೋ ಅದಾರ್ರೀ ಸರ್. ನಾನಽ ಅವ್ರನ್ನ ಪರೀಕ್ಷಾಕ್ಕ ಕುಂಡ್ರಿಸಿದಂಗ ಕುಂಡ್ರಿಸಿಬಿಟ್ಟೆ. ಪ್ರಬಂಧಕ್ಕ ಇನ್ನೊಂದು ವರ್ಷ ಕೊಡ್ರಿ.”